ಕೌದಿಗೆ ಬಿದ್ದ ಕತ್ತರಿ



ಇದು ಒಂದು ತೂತಿನ ಮೇಲೆ ಬರೆದ ಲೇಖನ. ನಾಲ್ಕು ಬೆರಳು ಉದ್ದ, ಮೂರು ಬೆರಳು ಅಗಲದ ತೂತು. ಹಾನಗಲ್ ತಾಲೂಕಿನ ಒಂದು ಊರ ಹೊರಗಿನ ಕೇರಿಯಲ್ಲಿ, ನಮ್ಮ ಮನೆಯ ಗೂಟಕ್ಕೆ ಮಡಚಿ ಹಾಕಿದ ಕೌದಿಯಲ್ಲಿ ಅದು ಇದೆ. ಇಲಿ ಕಡಿದದ್ದಲ್ಲ, ಒಲೆಯ ಕಿಡಿ ಸಿಡಿದದ್ದಲ್ಲ. ಅಂಚು ನೋಡಿದರೆ ತಿಳಿಯುತ್ತದೆ, ಹರಿತವಾದ ಕತ್ತರಿ ಆಡಿದೆ.

ಹೋದ ಸುಗ್ಗಿಯಲ್ಲಿ ಕೇರಿಗೆ ಒಂದು ಕಾರು ಬಂತು. ಹಳೇ ಬಟ್ಟೆ ಇಸಿದುಕೊಂಡು ಸ್ಟೀಲಿನ ಡಬರಿ ಕೊಡುವ ಹೆಂಗಸರು ಬುಟ್ಟಿ ಹೊತ್ತು ಬರುವುದು ನಮಗೆ ಹೊಸದಲ್ಲ. ಆದರೆ ಇಂವ ಕಾರಿನಲ್ಲಿ ಬಂದ. ಹಳೇ ಬಟ್ಟೆ ಬೇಡ, ಹಳೇದಕ್ಕಿಂತ ಹಳೇದು ಬೇಕು ಅಂದ. ಆಯಿ ಕಟ್ಟೆಯ ಮೇಲೆ ಕೌದಿ ಒಣಹಾಕಿದ್ದಳು. ಇಳಕಲ್ ಸೀರೆಯ ಹರಿದ ಸೆರಗು, ಗೌಡರ ಮನೆಯ ಧೋತರ, ಅಪ್ಪನ ಅಂಗಿ, ಹಿಟ್ಟಿನ ಚೀಲ ಇವೆಲ್ಲ ಸೇರಿದ ಕೌದಿ ಅದು. ನಟ್ಟನಡುವೆ ಒಂದು ಕೆಂಪು ಮಖಮಲ್ಲಿನ ತುಂಡು. ಅವನು ಅದರ ಮೇಲೆ ಬೆರಳಾಡಿಸಿದ. ಭೂತಗನ್ನಡಿ ಹಿಡಿದು ನೋಡಿದ. ಕೌದಿ ಹೊಲಸಾಗೇತಿ, ಅದು ಬ್ಯಾಡ, ಈ ತುಂಡಷ್ಟ ಕೊಡು ಅಂದ. ಮುನ್ನೂರು ರೂಪಾಯಿ ಎಣಿಸಿ ಕೊಟ್ಟ. ಕತ್ತರಿಯನ್ನೂ ತಾನೇ ತಂದಿದ್ದ.

ಧಾರವಾಡದಿಂದ ಮನೆಗೆ ಬಂದಾಗ ನನಗೆ ತೂತು ಕಂಡಿತು.

"ಇದೇನಬೇ ಆಯಿ?"

"ಯಾವನೋ ಬಂದು ಒಯ್ದನಪಾ. ಅದು ಇಡ್ಲಿ ಅರಿವಿ ಅಂತ."

"ಇಡ್ಲಿ ಅರಿವಿ?"

"ಹೂಂನಪಾ. ಭಾಳ ಹಳೀ ಇಡ್ಲಿ ಅರಿವಿ ಅಂದ. ಇಡ್ಲಿ ಬೇಸೂ ಅರಿವಿಗೆ ಮುನ್ನೂರು ಕೊಟ್ರ ನಾ ಯಾಕ ಒಲ್ಲೆ ಅನ್ಲಿ?"

ನಕ್ಕೆ. ನಕ್ಕಮೇಲೆ ಹೊಟ್ಟೆ ಉರಿಯಿತು. ಅಂವ ಅಂದದ್ದು ಇಟಲಿ.

ಆ ತುಂಡಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಯಿಯ ಅವ್ವ ಸವಣೂರಿನಲ್ಲಿ ಒಂದು ದೊಡ್ಡ ಮನೆಯ ಅಂಗಳ ಗುಡಿಸುತ್ತಿದ್ದಳು. ನವಾಬರ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದದ್ದು 1948ರಲ್ಲಿ. ಅದರ ಆಚೀಚೆ ಆ ಮನೆ ಖಾಲಿಯಾಗುವಾಗ, ಬಾಕಿ ಕೂಲಿಯ ಬದಲು ಒಂದು ಹರಿದ ಲೋಡಿನ ಹೊದಿಕೆಯನ್ನು ಅವಳ ಸೆರಗಿಗೆ ಒಗೆದರಂತೆ. ಅವಳು ಅದನ್ನು ತೊಳೆದು, ಗಟ್ಟಿ ಉಳಿದಿದ್ದ ಭಾಗವನ್ನು ಕೌದಿಯ ನಡುವೆ ಹಚ್ಚಿದಳು. ಅಂದರೆ ಆ ಮಖಮಲ್ಲು ನಮಗೆ ಸಿಕ್ಕ ದಾನವಲ್ಲ, ಕೊಡದೆ ಉಳಿಸಿಕೊಂಡ ಕೂಲಿ. ಆ ಕೌದಿಯೊಳಗೆ ಆಯಿ ಬೆಳೆದಳು, ಅಪ್ಪ ಬೆಳೆದ, ನಾನು ಬೆಳೆದೆ. ಬಿ.ಎ. ಓದಲು ಹಾಸ್ಟೆಲಿಗೆ ಹೋಗುವಾಗ ಟ್ರಂಕಿನ ಮೇಲೆ ಕಟ್ಟಿಕೊಂಡು ಹೋದದ್ದೂ ಅದನ್ನೇ.

ಅದು ನಿಜವಾಗಿ ಇಟಲಿಯದೋ ಗುಜರಾತಿನದೋ ಎಂಬುದು ನನ್ನ ಜಗಳವಲ್ಲ. 'ಇಟಲಿ' ಎಂಬ ಒಂದೇ ಮಾತಿಗೆ ಒಂದು ಚಿಂದಿ ಎದ್ದು ಕಾರು ಹತ್ತಿತು. ಅದನ್ನು ಮುಕ್ಕಾಲು ಶತಮಾನ ಕಾದ ಉಳಿದ ಚಿಂದಿಗಳು ಕೇರಿಯಲ್ಲೇ ಬಿದ್ದುಕೊಂಡವು. ಯಾವುದು ಕಲೆ, ಯಾವುದು ಹೊಲಸು ಎಂದು ಹೇಳಿದವರು ಯಾರು? ನನ್ನ ಜಗಳ ಇಲ್ಲಿಂದ ಶುರು.

*

ಸಿಟ್ಟು ಬಂದಾಗ ಓದಬೇಕು ಎಂದು ನಮಗೆ ಬಾಬಾಸಾಹೇಬರು ಕಲಿಸಿದ್ದಾರೆ. ಹೋಗಿ ಮಖಮಲ್ಲಿನ ಬಗ್ಗೆ ಓದಿದೆ.

ಮಖಮಲ್ಲು ನೇಯಲು ಎರಡು ಹಾಸು ಬೇಕು. ಒಂದು ನೆಲದ ಹಾಸು, ಇನ್ನೊಂದು ನವಿರಿನ ಹಾಸು. ನೇಯುತ್ತ ನೇಯುತ್ತ ನವಿರಿನ ಹಾಸನ್ನು ಮೇಲೆತ್ತಿ ಅದರಡಿ ತೆಳುವಾದ ಲೋಹದ ಕಡ್ಡಿ ತೂರಿಸುತ್ತಾರೆ. ಎಳೆ ಕಡ್ಡಿಯ ಮೇಲೆ ಕುಣಿಕೆಯಾಗಿ ಕೂರುತ್ತದೆ. ಕಡ್ಡಿಯ ಮೇಲಿನ ಗೀರಿನಗುಂಟ ಸಣ್ಣ ಅಲಗು ಹಾಯಿಸಿದರೆ ಕುಣಿಕೆ ಕತ್ತರಿಸಿ ನವಿರು ಎದ್ದು ನಿಲ್ಲುತ್ತದೆ. ಕೈ ತಪ್ಪಿದರೆ ದುಡಿಮೆ ಹಾಳು. ವೆನಿಸ್ ನಗರದಲ್ಲಿ 1875ರಿಂದ ನಡೆದುಬಂದ ಬೆವಿಲಾಕ್ವಾ ಎಂಬ ನೇಯ್ಗೆಮನೆಯಲ್ಲಿ ಇಂದಿಗೂ 18ನೇ ಶತಮಾನದ ಕೈಮಗ್ಗಗಳಿವೆ. ಅವುಗಳ ಮೇಲೆ ಹೂವಿನ ಮಖಮಲ್ಲು ನೇಯಲು ದಿನವಿಡೀ ಕೂತರೂ ಹುಟ್ಟುವುದು ಸುಮಾರು 30 ಸೆಂಟಿಮೀಟರು. ಒಂದು ದಿನಕ್ಕೆ ಒಂದಡಿ ಬಟ್ಟೆ!

ಇಟಲಿಯ ಲುಕ್ಕಾ, ವೆನಿಸ್, ಫ್ಲಾರೆನ್ಸ್, ಜಿನೋವಾ ನಗರಗಳು 14 ಮತ್ತು 15ನೇ ಶತಮಾನದಿಂದ ಈ ರೇಷ್ಮೆ ಮಖಮಲ್ಲಿಗೆ ಹೆಸರಾದವು. ರಾಜರು ಉಟ್ಟರು, ಪೋಪರು ಹೊದ್ದರು, ಚರ್ಚಿನ ಪೀಠಗಳಿಗೆ ಹಾಸಿದರು. ಕೆಂಪು ಬಣ್ಣವನ್ನು ಕೆರ್ಮಿಸ್ ಎಂಬ ಸಣ್ಣ ಹುಳುವನ್ನು ಒಣಗಿಸಿ ಅರೆದು ತೆಗೆಯುತ್ತಿದ್ದರು. ನಮ್ಮ ಭಾಷೆಯ 'ಕಿರಮಂಜಿ'ಯ ಬೇರೂ ಆ ಹುಳುವಿನ ಹೆಸರಿನಲ್ಲೇ ಇದೆ. ರೇಷ್ಮೆಗೆ ಒಂದು ಹುಳು ಸತ್ತಿತು, ಬಣ್ಣಕ್ಕೆ ಇನ್ನೊಂದು ಹುಳು ಸತ್ತಿತು. ಹುಳುವಿನ ಹೆಸರಾದರೂ ಶಬ್ದಕೋಶದಲ್ಲಿ ಉಳಿಯಿತು. ನೇಯ್ದವನ ಹೆಸರು?

ಮಖಮಲ್ಲು ನಮ್ಮ ನಾಡಿಗೂ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಬರೆದಿಟ್ಟ ಕೃಷ್ಣದೇವರಾಯನ ಆಸ್ಥಾನದ ವರ್ಣನೆಯಲ್ಲಿ ಮಖಮಲ್ಲು ಇದೆ. ನಮ್ಮ ಇತಿಹಾಸದ ಮಾಸ್ತರರು ಇದನ್ನು ಕಣ್ಣರಳಿಸಿ ಪಾಠ ಮಾಡುತ್ತಾರೆ. ಮಹಾನವಮಿಯ ಮರುದಿನ ಆ ಅಂಗಳದ ಲದ್ದಿ ಬಳಿದವರು ಏನು ಉಟ್ಟಿದ್ದರು ಎಂದು ಒಬ್ಬ ವಿದ್ಯಾರ್ಥಿಯೂ ಕೇಳುವುದಿಲ್ಲ. ಕೇಳಿದರೆ ಪರೀಕ್ಷೆಗೆ ಬರೋದಿಲ್ಲ, ಕೂಡ್ರಲೇ ಅನ್ನುತ್ತಾರೆ.

*

ಈಗ ಕತ್ತರಿಯ ಕತೆಗೆ ಬರೋಣ. ನಮ್ಮ ಕೇರಿಗೆ ಬಂದ ಕತ್ತರಿಗೂ ಒಬ್ಬ ಮುತ್ತಜ್ಜ ಇದ್ದಾನೆ.

ಜರ್ಮನಿಯಲ್ಲಿ ಫ್ರಾನ್ಸ್ ಬಾಕ್ ಎಂಬ ಪಾದ್ರಿ ಇದ್ದ. ಹುಟ್ಟಿದ್ದು 1823, ಸತ್ತದ್ದು 1899. ಮಧ್ಯಯುಗದ ಹಳೆಯ ಬಟ್ಟೆಗಳ ದೊಡ್ಡ ಸಂಗ್ರಾಹಕ, ದೊಡ್ಡ ವಿದ್ವಾಂಸ. ಚರ್ಚುಗಳಲ್ಲಿದ್ದ ಹಳೆಯ ರೇಷ್ಮೆ, ಜರತಾರಿ, ಮಖಮಲ್ಲುಗಳನ್ನು ಕೂಡಿಸಿದ. ಕೂಡಿಸಿದ್ದನ್ನು ತುಂಡು ಮಾಡಿದ. ಒಂದೇ ಬಟ್ಟೆಯ ಒಂದು ತುಂಡು ಈ ಮ್ಯೂಸಿಯಮ್ಮಿಗೆ, ಇನ್ನೊಂದು ತುಂಡು ಆ ಮ್ಯೂಸಿಯಮ್ಮಿಗೆ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ, ಅಂದರೆ ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, 1860ರ ದಶಕದಲ್ಲಿ ಅವನಿಂದ ಕೊಂಡಿತು. ಜನ ಅವನಿಗೆ 'ಕತ್ತರಿ ಬಾಕ್' ಎಂದೇ ಅಡ್ಡಹೆಸರಿಟ್ಟರು. ಆ ಕತ್ತರಿಯಿಂದ ಯುರೋಪಿನ ಬಟ್ಟೆಯ ಚರಿತ್ರೆ ಬರೆಯಲು ಸಾಧ್ಯವಾಯಿತು ಎನ್ನುವವರಿದ್ದಾರೆ. ಇರಬಹುದು. ಆದರೆ ಆ ಚರಿತ್ರೆ ಬಟ್ಟೆಯನ್ನು ತುಂಡು ಮಾಡಿ ಬರೆದ ಚರಿತ್ರೆ. ಯಾರ ಮೈಮೇಲಿತ್ತು, ಯಾವ ಪೀಠದ ಮೇಲಿತ್ತು, ಯಾರು ತೇಪೆ ಹಾಕಿದ್ದರು ಎಂಬುದೆಲ್ಲ ಆ ತುಂಡಿನ ಅಂಚಿನಾಚೆ ಬಿದ್ದುಹೋಯಿತು.

ಸಂಗ್ರಹದ ಗುಟ್ಟು ಇಷ್ಟೇ. ಗಾಜಿನ ಪೆಟ್ಟಿಗೆಯ ಕೆಳಗಿನ ಚೀಟಿ ಓದಿ ನೋಡಿ. 'ರೇಷ್ಮೆ ಮಖಮಲ್ಲು, ಇಟಲಿ, 15ನೇ ಶತಮಾನ.' ಅದರ ಕೆಳಗೆ ದಾನಿಯ ಹೆಸರು. ದಾನಿಗೆ ಹೆಸರುಂಟು, ಊರಿಗೆ ಹೆಸರುಂಟು, ಶತಮಾನಕ್ಕೆ ಅಂಕಿಯುಂಟು. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಗೂಡಿನಿಂದ ನೂಲು ತೆಗೆದ ಹೆಂಗಸಿಗೆ ಹೆಸರಿಲ್ಲ. ದಿನಕ್ಕೊಂದಡಿ ನೇಯ್ದು ಕಣ್ಣು ಕಳಕೊಂಡವನಿಗೆ ಹೆಸರಿಲ್ಲ. ಅವರೂ ನಮ್ಮವರೇ, ಗೆಳೆಯರೇ. ಇಟಲಿಯ ಬಡವನ ಮೇಲೆ ನನಗೆ ಸಿಟ್ಟಿಲ್ಲ. 1378ರ ಜುಲೈಯಲ್ಲಿ ಇದೇ ಫ್ಲಾರೆನ್ಸ್ ನಗರದಲ್ಲಿ ಉಣ್ಣೆ ಬಾಚುವ ಕೂಲಿಗಳು, ಚಿಯೋಂಪಿ ಎಂದು ಹೀಯಾಳಿಸಿಕೊಂಡವರು, ನಮಗೂ ಸಂಘ ಬೇಕು ಎಂದು ಬಂಡೆದ್ದು ನಗರದ ಆಡಳಿತವನ್ನೇ ಹಿಡಿದರು. ಕೆಲವೇ ವಾರಗಳಲ್ಲಿ ಅವರನ್ನು ಹೊಡೆದುಹಾಕಲಾಯಿತು. ಆ ನಗರದ ಮಖಮಲ್ಲು ಕೂಡಿಸುವವರಿಗೆ ಆ ನಗರದ ಬಂಡಾಯ ಕೂಡಿಸುವುದು ಬೇಡ.

ರೇಷ್ಮೆಯ ಕೈಗಳ ಕತೆ ಇಟಲಿಯಲ್ಲೇ ಮುಗಿಯಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ರೇಷ್ಮೆ ಸುಧಾರಣೆಗೆಂದು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನೇ ಕರೆಸಿಕೊಂಡಿತು. ಉದ್ಯಮ ಬೆಳೆಯಿತು, ಮೈಸೂರು ಸಿಲ್ಕಿಗೆ ಹೆಸರು ಬಂತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಹೊರಡಿಸಿತು. ಅದರಲ್ಲಿ ಕರ್ನಾಟಕದ ಮಕ್ಕಳಿದ್ದಾರೆ, ಕುದಿನೀರಿಗೆ ಕೈ ಅದ್ದಿ ಗೂಡು ತೆಗೆಯುವ ಮಕ್ಕಳು. ದಲಿತರ ಮಕ್ಕಳು, ಮುಸಲ್ಮಾನರ ಮಕ್ಕಳು. ರೇಷ್ಮೆ ನುಣುಪಾಗಿರುತ್ತದೆ, ಯಾಕೆಂದರೆ ಒರಟುತನವೆಲ್ಲ ಆ ಅಂಗೈಗಳಿಗೆ ಹೋಗಿರುತ್ತದೆ.

*

ನಮ್ಮಲ್ಲಿ ಬಟ್ಟೆ ಎಂದರೆ ಬರೀ ಬಟ್ಟೆಯಾಗಿತ್ತೇ? ಬಟ್ಟೆಯೇ ಜಾತಿಯಾಗಿತ್ತು.

ಫ್ಲಾರೆನ್ಸ್, ವೆನಿಸ್ ನಗರಗಳಲ್ಲಿ ಯಾರು ಎಂಥ ಬಟ್ಟೆ ಉಡಬೇಕು ಎಂಬುದಕ್ಕೆ ಕಾಯಿದೆಗಳಿದ್ದವು. ನಮ್ಮ ಊರುಗಳಲ್ಲಿ ಅದಕ್ಕೆ ಕಾಯಿದೆ ಬರೆಯುವ ಅಗತ್ಯವೇ ಬೀಳಲಿಲ್ಲ. ಊರ ಕಟ್ಟೆಯೇ ಕೋರ್ಟು. ಹೊಸ ಧೋತರ ಉಟ್ಟವನಿಗೆ ಏನಲೇ ಸೊಕ್ಕು ಬಂತೇನು ಎನ್ನುವುದೇ ತೀರ್ಪು. ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚುವ ಬಟ್ಟೆಗಾಗಿ ದಶಕಗಟ್ಟಲೆ ಹೋರಾಡಿ, 1859ರಲ್ಲಿ ಅಪ್ಪಣೆ ಪಡೆಯಬೇಕಾಯಿತು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಮನುಸ್ಮೃತಿ ಸುಟ್ಟ ಬಾಬಾಸಾಹೇಬರು ಅಲ್ಲಿ ಸೇರಿದ್ದ ತಾಯಂದಿರಿಗೆ ಸೀರೆಯ ಮಾತನ್ನೇ ಆಡಿದರು. ನೀವು ಸೀರೆ ಉಡುವ ರೀತಿಯೇ ನಿಮ್ಮ ಅಸ್ಪೃಶ್ಯತೆಗೆ ಗುರುತಾಗಿದೆ, ಅದನ್ನು ಬದಲಿಸಿರಿ ಎಂಬುದು ಅವರ ಮಾತಿನ ತಿರುಳು. ಬಟ್ಟೆ ಬದಲಿಸುವುದು ಬಂಡಾಯ ಎಂದು ತಿಳಿದವರು ಅವರು. ಅವರು ಸೂಟು ತೊಟ್ಟು ನಿಂತದ್ದನ್ನು ಇಂದಿಗೂ ಸಹಿಸದವರಿದ್ದಾರೆ. ಅವರ ಪ್ರತಿಮೆಗೆ ಕಲ್ಲು ಬೀಳುವಾಗ ಆ ಕಲ್ಲು ಆ ಕೋಟಿಗೂ ಬೀಳುತ್ತದೆ.

ಶಿಗ್ಗಾಂವಿ, ಸವಣೂರು ಕಡೆಯ ತಾಂಡಾಗಳಿಗೆ ಹೋಗಿ ನೋಡಿ. ಮುದುಕಿಯರ ಮೈಮೇಲೆ ಇನ್ನೂ ಫೇಟ್ಯಾ, ಕಾಂಚಳಿ ಉಂಟು. ಕನ್ನಡಿ, ಕವಡೆ, ಹಳೇ ನಾಣ್ಯ, ಸೂಜಿಯಲ್ಲಿ ಬರೆದ ಬಣ್ಣ. ಮೊಮ್ಮಗಳು ಚೂಡಿದಾರ ತೊಟ್ಟು ಬಸ್ಸಿಗೆ ಓಡುತ್ತಾಳೆ. ಓಡಲಿ. ಆ ಹುಡುಗಿ ಕಾಲೇಜಿಗೆ ಫೇಟ್ಯಾ ತೊಟ್ಟು ಬಂದರೆ ನಗುವವರೂ ಇವರೇ, ಅವಳು ಬಿಟ್ಟ ಕೂಡಲೇ 'ಅಯ್ಯೋ ಸಂಸ್ಕೃತಿ ಹೋಯಿತು' ಎಂದು ಅಳುವವರೂ ಇವರೇ. ಅತ್ತು ಸುಮ್ಮನಿರುವುದಿಲ್ಲ. ಮಳೆ ಕೈಕೊಟ್ಟು ತಾಂಡಾ ಗುಳೆ ಹೊರಟ ವರ್ಷ ನೋಡಿ ಬರುತ್ತಾರೆ. ಮನೆಯಲ್ಲಿ ಜ್ವಾಳ ಇಲ್ಲದ ದಿನ ಟ್ರಂಕಿನಲ್ಲಿದ್ದ ಮದುವೆಯ ಫೇಟ್ಯಾಕ್ಕೆ ಬೆಲೆ ಕಟ್ಟುತ್ತಾರೆ. ಮುದುಕಿ ಎರಡು ವರ್ಷ ಕೂತು ಹಾಕಿದ ಹೊಲಿಗೆ, ಒಂದು ಚೀಲ ಜ್ವಾಳಕ್ಕೆ. ಆಮೇಲೆ ಅದು ಪಟ್ಟಣದ ಗೋಡೆಯ ಮೇಲೆ ಚೌಕಟ್ಟಿನೊಳಗೆ ಕೂರುತ್ತದೆ. ಗೋಡೆಯ ಮನೆಯವರು ಅದನ್ನು ತೋರಿಸಿ 'ಟ್ರೈಬಲ್' ಎನ್ನುತ್ತಾರೆ. ಹೆಸರು ಕೇಳಿದರೆ ಗೊತ್ತಿಲ್ಲ.

ಸರ್ಕಾರವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಒಳ್ಳೆಯದೇ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಸಭೆ ನಡೆಯಿತು. ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1755 ತುಂಡುಗಳನ್ನು ಅಲ್ಲಿ ಹರಡಿದರು. ಗಿನ್ನೆಸ್ ದಾಖಲೆಯಾಯಿತು. ಪತ್ರಿಕೆಗಳು 1755 ಎಂಬ ಅಂಕಿಯನ್ನು ಬರೆದವು. ನಾನು ಓದುಗರಾದ ನಿಮ್ಮನ್ನೇ ಕೇಳುತ್ತೇನೆ: ಆ 450 ಜನರಲ್ಲಿ ಒಬ್ಬಳ ಹೆಸರು ಹೇಳಿ. ಒಂದೇ ಒಂದು. ನನಗೂ ಬರುವುದಿಲ್ಲ, ಅದಕ್ಕೇ ನಾಚಿಕೆಯಿಂದ ಕೇಳುತ್ತಿದ್ದೇನೆ. ಹೊಲಿಗೆ ವಿಶ್ವದಾಖಲೆಗೆ ಸೇರಿತು, ಹೊಲಿದವಳು ಲೆಕ್ಕಕ್ಕೆ ಮಾತ್ರ ಸೇರಿದಳು.

*

ಸವಣೂರಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ.

ಸವಣೂರು ಎಂದರೆ ನವಾಬರು, ವೀಳ್ಯದೆಲೆ, ದೊಡ್ಡಹುಣಸೆ ಮರ ಎಂದು ಪ್ರವಾಸದ ಪುಸ್ತಕಗಳು ಹೇಳುತ್ತವೆ. ಅದೇ ಸವಣೂರಿನಲ್ಲಿ 2010ರ ಜುಲೈಯಲ್ಲಿ, ತಲೆತಲಾಂತರದಿಂದ ಊರಿನ ಮಲ ಹೊತ್ತ ಭಂಗಿ ಸಮುದಾಯದವರು, ತಾವು ಬದುಕಿದ್ದ ಜಾಗದಿಂದ ಒಕ್ಕಲೆಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿ ಕಾಯಿದೆ ಬಂದು ಆಗಲೇ 17 ವರ್ಷವಾಗಿತ್ತು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಊರಿನ ದೊಡ್ಡವರು ಪತ್ರಿಕೆ ಓದಿ ಮೂಗು ಮುಚ್ಚಿಕೊಂಡದ್ದು ನೆನಪಿದೆ. ಮೂಗು ಮುಚ್ಚಿಕೊಂಡರೇ ಹೊರತು ಮುಖ ಮುಚ್ಚಿಕೊಳ್ಳಲಿಲ್ಲ.

ಹಳೆಯ ಬಟ್ಟೆ ಕೂಡಿಸುವ ಮಹನೀಯರೇ, ನಿಮ್ಮನ್ನು ಕೇಳುತ್ತೇನೆ. ಸವಣೂರಿನ ಚರಿತ್ರೆಗೆ ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಏನು ಇಡುತ್ತೀರಿ? ನವಾಬರ ಕಾಲದ ಲೋಡಿನ ಮಖಮಲ್ಲು ಇಡುತ್ತೀರಿ. ಆ ದಿನ ಪುರಸಭೆಯ ಮುಂದೆ ನಿಂತವರ ಅಂಗಿಯನ್ನು ಇಡುತ್ತೀರಾ? ಅದೂ ಬಟ್ಟೆಯೇ, ಅದೂ ಸವಣೂರಿನದೇ. ಅದಕ್ಕೆ ಹೆಸರುಂಟು, ತಾರೀಖುಂಟು, ಕಾರಣವುಂಟು. ಯಾವ ಬಟ್ಟೆ ಚರಿತ್ರೆ, ಯಾವ ಬಟ್ಟೆ ವಾಸನೆ ಎಂದು ತೀರ್ಮಾನಿಸುವ ಮೂಗು ಯಾವ ಜಾತಿಯದು?

*

ಇಷ್ಟು ಹೇಳಿದ ಮೇಲೆ ಎರಡು ಕಡೆಯಿಂದ ತಕರಾರು ಬರುತ್ತದೆ. ಎರಡಕ್ಕೂ ಉತ್ತರ ಕೊಡಬೇಕು.

ಮೊದಲನೆಯದು ಸಂಗ್ರಾಹಕರದು. 'ನಾವು ಒಯ್ಯದಿದ್ದರೆ ಇಲಿ ತಿನ್ನುತ್ತಿತ್ತು, ಗೆದ್ದಲು ಹಿಡಿಯುತ್ತಿತ್ತು.' ಈ ಮಾತಿನಲ್ಲಿ ಸತ್ಯವಿಲ್ಲ ಎಂದು ನಾನು ಹೇಳಲಾರೆ. ನಮ್ಮ ಮನೆಯಲ್ಲಿ ಇಲಿ ಇದೆ, ಮಳೆಗಾಲದಲ್ಲಿ ಸೂರು ಸೋರುತ್ತದೆ. ಬಟ್ಟೆ ಕಲ್ಲಿನಂತಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿ ಬಿಸಿಲು ಮಳೆ ತಡೆದು ಶತಮಾನಗಳು ನಿಂತಿದೆ, ಕೌದಿ ಒಂದೆರಡು ತಲೆಮಾರು ತಡೆದರೆ ಹೆಚ್ಚು. ಅದಕ್ಕೇ ಕಲ್ಲು ಕಟ್ಟಿಸಿದವರ ಚರಿತ್ರೆ ಉಳಿಯಿತು, ಅರಿವೆ ಹೊಲಿದವರದು ಕೊಳೆಯಿತು. ಹಾಗಾದರೆ ಉಳಿಸಿ, ಬೇಡ ಎನ್ನುವುದಿಲ್ಲ. ಆದರೆ ನೀವು ಉಳಿಸಿದ್ದು ಏನನ್ನು? ಇಡೀ ಕೌದಿಯಲ್ಲಿ ನಾಲ್ಕು ಬೆರಳಿನ ತುಂಡನ್ನು. ಇಲಿ ಕೂಡ ಜಾತಿ ನೋಡಿ ಕಡಿಯುವುದಿಲ್ಲ, ನಿಮ್ಮ ಕತ್ತರಿ ಜಾತಿ ನೋಡಿ ಕಡಿಯಿತು. ಅರಿವೆ ಒಯ್ದಿರಿ, ಅದರೊಳಗಿನ ಅರಿವು ಬಿಟ್ಟುಹೋದಿರಿ.

ಎರಡನೆಯ ತಕರಾರು ನಮ್ಮವರದೇ. ಸಂಘಟನೆಯ ಗೆಳೆಯರೊಬ್ಬರು ನನ್ನ ಕೌದಿಯ ಕತೆ ಕೇಳಿ ಬೈದರು. "ಗೌಡರು ಉಟ್ಟು ಬಿಟ್ಟ ಧೋತರ, ಸಾಹುಕಾರರು ಒಗೆದ ಚಿಂದಿ. ಅದು ನಮ್ಮ ದರಿದ್ರದ ಗುರುತು. ಅದನ್ನ ಸುಡಬೇಕು, ಪೂಜೆ ಮಾಡಬಾರದು." ಈ ಮಾತು ನನ್ನನ್ನು ಒಂದು ವಾರ ನಿದ್ದೆಗೆಡಿಸಿತು. ಅವರು ಹೇಳಿದ್ದರಲ್ಲಿ ನೋವಿದೆ. ನಮ್ಮ ಹುಡುಗಿಯರು ಹೊಸ ಬಟ್ಟೆ ಉಡಬೇಕು, ಕಾರ್ಖಾನೆಯ ರಗ್ಗು ಹೊದ್ದು ಬೆಚ್ಚಗೆ ಮಲಗಬೇಕು. ಬಡತನವನ್ನು ಜಾನಪದ ಎಂದು ಕರೆದು ಕಾಪಾಡುವುದು ನನಗೂ ಬೇಡ.

ಆದರೂ ಆ ಗೆಳೆಯರಿಗೆ ನನ್ನ ಉತ್ತರ ಇದು. ಒಗೆದವರು ಚಿಂದಿ ಒಗೆದರು, ಕೌದಿ ಒಗೆಯಲಿಲ್ಲ. ಕೌದಿಯನ್ನು ಹೊಲಿದದ್ದು ನಮ್ಮ ಅವ್ವಂದಿರು. ಹಗಲು ಪರರ ಹೊಲದಲ್ಲಿ ಕಳೆ ತೆಗೆದು, ರಾತ್ರಿ ಚಿಮಣಿ ಬೆಳಕಿನಲ್ಲಿ ಹಾಕಿದ ಸಾಲುಹೊಲಿಗೆ ಅದು. ಗೌಡರ ಧೋತರ, ನವಾಬರ ಕಾಲದ ಮಖಮಲ್ಲು, ಹಿಟ್ಟಿನ ಚೀಲ ಮೂರನ್ನೂ ಒಂದೇ ದಾರದಲ್ಲಿ, ಒಂದೇ ಸಾಲಿನಲ್ಲಿ ಕೂಡಿಸಿದ ಕೈ ಅದು. ಮುಟ್ಟಿದರೆ ಮೈಲಿಗೆ ಎಂದವರ ಧೋತರ, ಮುಟ್ಟಿಸಿಕೊಳ್ಳದವರ ಸೀರೆಯ ಜೊತೆ ಮೈಗೆ ಮೈ ಹಚ್ಚಿ ಮಲಗಿದ್ದು ಈ ನಾಡಿನಲ್ಲಿ ಎಲ್ಲಿ? ಸಹಪಂಕ್ತಿಯ ಭಾಷಣ ಮಾಡಿದ ಮಠಗಳಲ್ಲೂ ಆಗದ್ದು ನಮ್ಮ ಆಯಿಯ ಅವ್ವನ ಸೂಜಿಯಲ್ಲಿ ಆಯಿತು. ಅದನ್ನು ಸುಟ್ಟರೆ ನಾವು ಗೌಡರ ಧೋತರ ಸುಟ್ಟಂತಾಗುವುದಿಲ್ಲ, ಅವಳ ಹೊಲಿಗೆ ಸುಟ್ಟಂತಾಗುತ್ತದೆ.

ಹಾನಗಲ್ಲಿಗೆ ಹತ್ತಿಕೊಂಡೇ ಮುಂಡಗೋಡ ತಾಲೂಕಿದೆ. ಅಲ್ಲಿ, ಯಲ್ಲಾಪುರ ಹಳಿಯಾಳಗಳಲ್ಲಿ ಸಿದ್ದಿ ಹೆಂಗಸರು ತಮ್ಮದೇ ರೀತಿಯ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫೂಲ' ಇಡದಿದ್ದರೆ ಕೌದಿ ಬತ್ತಲೆ ಎನ್ನುತ್ತಾರೆ. 2004ರಲ್ಲಿ, ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ವಿದ್ವಾಂಸರು ಅಲ್ಲಿಗೆ ಬಂದ ಮೇಲೆ, ಆ ಹೆಂಗಸರದೇ ಒಂದು ಸಹಕಾರಿ ಕೂಟ ಹುಟ್ಟಿತು. ಅವರ ಕೌದಿಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು, ತುಂಡಾಗಿ ಅಲ್ಲ, ಇಡಿಯಾಗಿ. ಹೊರಗಿನವನೊಬ್ಬ ಬಂದು ಕೇಳುವ ತನಕ ನಮ್ಮ ಪಕ್ಕದ ಕಾಡಿನ ಹೆಂಗಸರ ಹೊಲಿಗೆ ನಮ್ಮ ವಿಶ್ವವಿದ್ಯಾಲಯಗಳಿಗೆ ಕಾಣಲಿಲ್ಲವೇ ಎಂದು ಕೇಳಲು ನನಗೆ ಹಕ್ಕಿದೆ.

*

ಬೈದು ಸುಮ್ಮನಾಗುವುದು ನಮ್ಮ ಪಂಥವಲ್ಲ. ಏನು ಮಾಡೋಣ?

ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನನ್ನ ಗೆಳೆಯನೊಬ್ಬ ಮಾಸ್ತರ. ನನ್ನ ಸಿಟ್ಟಿನ ಪತ್ರ ಓದಿ ಅವನು ಕವಿತೆ ಬರೆಯಲಿಲ್ಲ, ಎರಡು ನೂರು ಹಾಳೆಯ ಒಂದು ನೋಟುಬುಕ್ಕು ತಂದ. ಏಳನೇ ಇಯತ್ತೆಯ ಮಕ್ಕಳಿಗೆ ಒಂದು ಕೆಲಸ ಹಚ್ಚಿದ: ನಿಮ್ಮ ಮನೆಯ ಕೌದಿ ಯಾರು ಹೊಲಿದರು, ಯಾವ ತುಂಡು ಯಾರದು, ಕೇಳಿ ಬರೀರಿ. ಮೊದಲ ದಿನ ಒಬ್ಬ ಮುದುಕಿ ಹೆದರಿ ಓಡಿಬಂದಳಂತೆ. "ಮಾಸ್ತರ, ನನ್ನ ಹೆಸರು ಬರೀಬ್ಯಾಡ್ರಿ, ರೇಷನ್ ಕಾರ್ಡ್ ಕಸಗೊಂಡಾರು." ಹೆಸರು ಬರೆಯುವುದೆಂದರೆ ಏನನ್ನೋ ಕಸಿದುಕೊಳ್ಳುವುದು ಎಂದು ಈ ಪ್ರಭುತ್ವ ನಮ್ಮ ಮುದುಕಿಯರಿಗೆ ಕಲಿಸಿದೆ. ಅವನು ಕೂಡ್ರಿಸಿ, ಚಹಾ ಕೊಟ್ಟು, ತಿಳಿಸಿ ಹೇಳಿದ ಮೇಲೆ ಅವಳು ಒಂದೊಂದೇ ತುಂಡು ಮುಟ್ಟಿ ಹೇಳುತ್ತ ಹೋದಳಂತೆ. ಇದು ಸತ್ತ ಮಗಂದು. ಇದು ಹತ್ತಿ ಕ್ರಾಸಿಂಗಿಗೆ ಹೋಗ್ತಿದ್ದಾಗ ಮಗಳು ಉಟ್ಟಿದ್ದ ಲಂಗ. ಇದು ಭೂಮಿ ಹೋದ ವರ್ಷದ್ದು. ಮಕ್ಕಳು ಬರೆದುಕೊಂಡರು. ಅದು ಆ ಹಳ್ಳಿಯ ಚರಿತ್ರೆ, ಯಾವ ಗ್ಯಾಜೆಟಿಯರಿನಲ್ಲೂ ಇಲ್ಲದ ಚರಿತ್ರೆ.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ವಿದ್ಯಾರ್ಥಿಗಳಲ್ಲಿ, ಸಂಘಟನೆಯ ಗೆಳೆಯರಲ್ಲಿ ನನ್ನ ಮಾತು ಇಷ್ಟು.

ಒಂದು, ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕೇರಿ ಮತ್ತು ತಾಂಡಾಗಳಲ್ಲಿ ಇಂಥ ನೋಟುಬುಕ್ಕು ಶುರುವಾಗಲಿ. ಬಟ್ಟೆಗೆ ಮೊದಲು ಹೆಸರು. ಹೊಲಿದವಳ ಹೆಸರು, ಅವಳು ಒಪ್ಪಿದರೆ ಮಾತ್ರ.

ಎರಡು, ಕಾರು ಬಂದಾಗ ಕತ್ತರಿ ಹೊರಗೆ ಬರಬಾರದು. ಮಾರುವುದು ಬಿಡುವುದು ಅವಳ ಹಕ್ಕು. ಹಸಿದ ಮನೆಗೆ ಮಾರಬೇಡ ಎಂದು ಉಪದೇಶ ಮಾಡಲು ನಾವು ಯಾರು? ಆದರೆ ಬೆಲೆ ಅವಳು ಹೇಳಬೇಕು, ಒಬ್ಬಳೇ ಅಲ್ಲ, ಕೇರಿ ಜೊತೆಗೆ ನಿಂತು ಹೇಳಬೇಕು. ಇಡಿಯಾಗಿ ಕೊಂಡರೆ ಕೊಳ್ಳಲಿ. ತುಂಡು ಮಾಡಿದರೆ ಒಂದು ನೂಲೂ ಇಲ್ಲ.

ಮೂರು, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಅದು ನಮ್ಮ ತೆರಿಗೆಯ ಹಣದ ಮನೆ. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಅದೇ ತಾಲೂಕಿನಲ್ಲಿವೆ. ನಾವು ಅಲ್ಲಿಗೆ ಗುಂಪಾಗಿ ಹೋಗಿ ಕೇಳೋಣ: ಈ ನಾಲ್ಕು ತಾಲೂಕಿನ ಕೌದಿಗೆ, ಫೇಟ್ಯಾಕ್ಕೆ, ಕಂಬಳಿಗೆ ಒಂದು ಇಲಿಯಿಲ್ಲದ ಕೋಣೆ ಕೊಡಿ. ಚೀಟಿಯಲ್ಲಿ ದಾನಿಯ ಹೆಸರಿಗಿಂತ ಮೇಲೆ ಹೊಲಿದವಳ ಹೆಸರು ಇರಲಿ. ವರ್ಷಕ್ಕೊಮ್ಮೆ ಅವಳ ಮೊಮ್ಮಕ್ಕಳು ಬಂದು ಮುಟ್ಟಿ ನೋಡುವ ಹಕ್ಕು ಇರಲಿ. ಮುಟ್ಟುವ ಹಕ್ಕಿಗಾಗಿ ನಾವು ಬಹಳ ವರ್ಷ ಹೋರಾಡಿದ್ದೇವೆ. ಮ್ಯೂಸಿಯಮ್ಮಿನ 'ಮುಟ್ಟಬೇಡಿ' ಎಂಬ ಹಲಗೆ ನೋಡಿದರೆ ನಮಗೆ ಬೇರೆ ಏನೋ ನೆನಪಾಗುತ್ತದೆ.

ನಮ್ಮ ಮನೆಯ ತೂತಿಗೆ ಆಯಿ ತೇಪೆ ಹಾಕಿದ್ದಾಳೆ. ನನ್ನ ಹೈಸ್ಕೂಲಿನ ನೀಲಿ ಯೂನಿಫಾರ್ಮಿನ ಚಡ್ಡಿಯ ತುಂಡು. ಕೆಂಪು ಇದ್ದಲ್ಲಿ ನೀಲಿ ಬಂದಿದೆ. "ಆ ಇಡ್ಲಿ ಅರಿವಿಗಿಂತ ಇದ ಗಟ್ಟಿ ಐತಿ ನೋಡು" ಅಂದಳು. ನಾನು ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಅವಳ ಹೆಸರು, ಅವಳ ಅವ್ವನ ಹೆಸರು ಬರೆದೆ. ಅವ್ವನ ಹೆಸರು ನೆನಪು ಮಾಡಿಕೊಳ್ಳಲು ಆಯಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ಕೇಳಿರಲಿಲ್ಲವಂತೆ.

ನಿಮ್ಮ ಮನೆಯ ಕೌದಿ ಬಿಚ್ಚಿ ನೋಡಿ. ಹೊಲಿದವಳು ಇನ್ನೂ ಬದುಕಿದ್ದರೆ ಇವತ್ತೇ ಕೇಳಿ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕವಿತೆಗೆ ಜಾಗ ಕಡಿಮೆಯಾದರೂ ಅಡ್ಡಿಯಿಲ್ಲ, ನನ್ನದನ್ನೇ ಮೊದಲು ತೆಗೆಯಿರಿ ಎಂದು ಸಂಪಾದಕರಿಗೆ ಹೇಳಿದ್ದೇನೆ.